ತುಮಕೂರಿನ ಭಾನುವಾರದ ಇಂಗ್ಲಿಷ್ ಕ್ಲಾಸು: ‘ಡಿವೈಡ್’ ಅನ್ನೋ ಒಂದು ಪದಕ್ಕೆ ಎರಡು ಭಾನುವಾರ

ಎಂಟು ಭಾನುವಾರದ ಕೋರ್ಸು, ಬೆಳಗ್ಗೆ ಹತ್ತರಿಂದ ಹನ್ನೆರಡೂವರೆ, ಫೀಸು 3,500 ರೂಪಾಯಿ. ಕ್ಲಾಸಿನ ಹೆಸರು ಹಾಕಲ್ಲ, ಯಾಕಂದ್ರೆ ಕೆಳಗೆ ಒಂದೆರಡು ಕಂಪ್ಲೇಂಟೂ ಇದೆ, ಅದು ಒಬ್ಬ ರಿಟೈರ್ಡ್ ಲೆಕ್ಚರರ್ ತಮ್ಮ ಮನೆ ಮಹಡಿ ಮೇಲೆ ನಡೆಸೋ ಸಣ್ಣ ಕ್ಲಾಸು, ಅವರಿಗೆ ತೊಂದರೆ ಆಗೋದು ಬೇಡ. ಆದ್ರೆ ದೊಡ್ಡೋರಿಗೆ ಇಂಗ್ಲಿಷ್ ಕಲಿಸೋ ಇಂಥ ಕ್ಲಾಸಿಗೆ ಸೇರಬೇಕಾ ಬೇಡ್ವಾ ಅಂತ ಯೋಚನೆ ಮಾಡ್ತಿರೋರು ತುಂಬ ಜನ ಇದಾರೆ, ಅವರಿಗೋಸ್ಕರ ಉದ್ದಕ್ಕೆ ಬರೀತಿದೀನಿ.

ಮೊದಲು ನಾನು ಯಾಕೆ ಸೇರಿದೆ ಅಂತ ಹೇಳ್ತೀನಿ. ನಾನು ಮನೇಲಿ ಏಳನೇ ಕ್ಲಾಸಿಂದ ಹತ್ತನೇ ಕ್ಲಾಸಿನವರೆಗೆ ಗಣಿತ ಟ್ಯೂಷನ್ ಹೇಳ್ಕೊಡ್ತೀನಿ, ನಾನೇ ಕನ್ನಡ ಮೀಡಿಯಮ್ಮಲ್ಲಿ ಓದಿದವಳು, ಲೆಕ್ಕ ಬರುತ್ತೆ, ಆದ್ರೆ ಈಗ ಬರೋ ಮಕ್ಕಳಲ್ಲಿ ಅರ್ಧಕ್ಕರ್ಧ ಇಂಗ್ಲಿಷ್ ಮೀಡಿಯಮ್ಮು, ಇನ್ನೊಂದಿಷ್ಟು ಮಕ್ಕಳು ಏಳನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿ ಎಂಟನೇ ಕ್ಲಾಸಿಗೆ ಇಂಗ್ಲಿಷಿಗೆ ಹಾರಿದವರು. ಅವರಿಗೆ ಭಾಗಾಕಾರ ಚೆನ್ನಾಗೇ ಬರುತ್ತೆ, ಲೆಕ್ಕದ ವಾಕ್ಯ ಇಂಗ್ಲಿಷಲ್ಲಿ ಬಂದ ತಕ್ಷಣ ಕೈ ನಿಂತುಹೋಗುತ್ತೆ. ಒಂದಿನ ಒಬ್ಬ ಹುಡುಗಿ ‘ಡಿವೈಡ್ ತ್ರೀ ಇಂಟು ಟ್ವೆಲ್ವ್’ ಅನ್ನೋದಕ್ಕೆ ಮೂರು ಹನ್ನೆರಡ್ಲ ಮೂವತ್ತಾರು ಅಂತ ಬರೆದಿದ್ಲು. ಇನ್ನೊಬ್ಬ ಮೂರನ್ನ ಹನ್ನೆರಡರಿಂದ ಭಾಗಿಸಿ ಕಾಲು ಅಂತ ಬರೆದಿದ್ದ. ಇಬ್ಬರೂ ನನ್ನ ಮುಖ ನೋಡಿದ್ರು, ನನಗೂ ಯಾವುದು ಸರಿ ಅಂತ ಧೈರ್ಯವಾಗಿ ಹೇಳೋಕಾಗಲಿಲ್ಲ. ಇಂಟು ಅಂದ್ರೆ ಗುಣಾಕಾರ ಅಂತ ನಾನೂ ಒಂದನೇ ಕ್ಲಾಸಿಂದ ಕಲ್ತಿದ್ದು, ಎರಡು ಇಂಟು ಮೂರು ಆರು. ಆವತ್ತು ರಾತ್ರಿ ನಿದ್ದೆ ಬರಲಿಲ್ಲ ನಿಜವಾಗ್ಲೂ. ಮಕ್ಕಳು ನನ್ನ ನಂಬಿ ಬರ್ತಾರೆ.

ಕೊನೆವರೆಗೂ ಉಳಿದದ್ದು ಹದಿನೆಂಟು ಜನ. ಎಲ್ಲ ಥರದೋರೂ ಇದ್ರು. ಕಿರಾಣಿ ಅಂಗಡಿ ನಡೆಸೋ ಅಕ್ಕ ಒಬ್ರು, ಗುಬ್ಬಿ ಕಡೆಯ ಗೌಡ್ರು ಒಬ್ರು, ಎಫ್‌ಡಿಎ ಪರೀಕ್ಷೆಗೆ ಓದ್ತಿರೋ ಹುಡುಗ್ರು ನಾಲ್ಕು ಜನ, ಎಸಿ ರಿಪೇರಿ ಮಾಡೋ ಹುಡುಗ, ನರ್ಸಿಂಗ್ ಓದೋ ಹುಡುಗೀರು. ಮೇಷ್ಟ್ರ ಪದ್ಧತಿ ಏನಂದ್ರೆ ಅವರು ಗ್ರಾಮರ್ ಪುಸ್ತಕ ಹಿಡಿದು ಟೆನ್ಸ್, ವಾಯ್ಸ್ ಅಂತ ಹೋಗಲ್ಲ, ಪ್ರತಿ ವಾರ ಒಂದು ಸಾಮಾನ್ಯ ಪದ ತಗೋತಾರೆ, ಅದನ್ನ ಬೋರ್ಡ್ ಮೇಲೆ ಬರೆದು ಅದು ನಮ್ಮ ಬದುಕಲ್ಲಿ ಎಲ್ಲೆಲ್ಲಿ ಸಿಗುತ್ತೆ ಅಂತ ನಮ್ಮ ಬಾಯಿಂದಲೇ ಹೊರಡಿಸ್ತಾರೆ. ಮೊದಲೆರಡು ವಾರದ ಪದಗಳು ನನಗೆ ಅಷ್ಟೇನೂ ಹಿಡಿಸಲಿಲ್ಲ, ಬೇಗ ಮುಗಿದುಹೋಯ್ತು. ಮೂರನೇ ವಾರ ‘ಡಿವೈಡ್’ ಬಂತು. ಅದು ಒಂದು ವಾರಕ್ಕೆ ಮುಗೀಲಿಲ್ಲ, ನಾಲ್ಕನೇ ವಾರಕ್ಕೂ ಹೋಯ್ತು, ಈ ರಿವ್ಯೂ ಬರೀತಿರೋದೇ ಆ ಎರಡು ಭಾನುವಾರದ ಕಾರಣಕ್ಕೆ.

ಶುರು ಮಾಡಿದ್ದು ಹೀಗೆ. “ಡಿವೈಡ್ ಅಂದ್ರೆ ಕನ್ನಡದಲ್ಲಿ ಏನ್ರಿ?” ಅಂದ್ರು. ಎಲ್ಲರೂ ಒಟ್ಟಿಗೆ “ಭಾಗಿಸು” ಅಂದ್ವಿ. “ಸರಿ, ನಿಮ್ಮೂರಲ್ಲಿ ಅಣ್ಣತಮ್ಮಂದಿರು ಆಸ್ತಿ ಭಾಗಿಸ್ತಾರಾ?” ಗೌಡ್ರು ಅಂದ್ರು, “ಇಲ್ಲ ಸಾರ್, ಪಾಲು ಮಾಡ್ಕೋತಾರೆ, ಇಲ್ಲ ಭಾಗ ಆಗ್ತಾರೆ.” “ಲಾಡು?” “ಹಂಚ್ತಾರೆ.” “ಪಾರ್ಟಿ?” “ಒಡೆಯುತ್ತೆ.” “ಕಟ್ಟಿಗೆ?” “ಸೀಳ್ತಾರೆ.” “ಹಲಸಿನಹಣ್ಣು?” “ಹೆಚ್ಚಿ ತೊಳೆ ಬಿಡಿಸ್ತಾರೆ.” ಬೋರ್ಡ್ ತುಂಬ ಕನ್ನಡ ಕ್ರಿಯಾಪದ ತುಂಬ್ಕೊಂಡ್ವು, ಅಷ್ಟೂ ಒಂದೇ ಕೆಲಸದ ಬೇರೆ ಬೇರೆ ರೀತಿ. ಇಷ್ಟರಲ್ಲಿ ಯಾವ್ಯಾವುದಕ್ಕೆ ಇಂಗ್ಲಿಷಲ್ಲಿ ಡಿವೈಡ್ ಬರುತ್ತೆ, ಯಾವುದಕ್ಕೆ ಬರಲ್ಲ ಅಂತ ಒಂದೊಂದಾಗಿ ಅಳಿಸ್ತಾ ಹೋದ್ರು. ಕಟ್ಟಿಗೆಗೆ ಸ್ಪ್ಲಿಟ್, ಯಾಕಂದ್ರೆ ಅದು ನಾರಿನ ಉದ್ದಕ್ಕೆ ಸೀಳುತ್ತೆ. ತೊಳೆಗೆ ಸೆಪರೇಟ್. ಆಸ್ತಿಗೆ ಡಿವೈಡ್ ಬರುತ್ತೆ, ಆದ್ರೆ ಕಾಗದದಲ್ಲಿ ಪಾರ್ಟಿಶನ್. ಲಾಡುಗೆ ಡಿವೈಡೂ ಬರುತ್ತೆ ಶೇರೂ ಬರುತ್ತೆ, ಆದ್ರೆ ಎರಡರಲ್ಲಿ ಮನಸ್ಸು ಬೇರೆ, ಡಿವೈಡ್ ಮಾಡಿದೋನು ಎಣಿಸಿ ಕೊಟ್ಟ, ಶೇರ್ ಮಾಡಿದೋನು ತನ್ನದರಲ್ಲಿ ಕೊಟ್ಟ. ಈ ಒಂದು ಮಾತಿಗೇ ನನ್ನ ಅರ್ಧ ಫೀಸು ವಾಪಸ್ ಬಂತು ಅನ್ಸ್ತು.

ಸ್ಪ್ಲಿಟ್ ಅಂದಾಗ ಎಸಿ ಹುಡುಗ ತಕ್ಷಣ ಎದ್ದು ಹೇಳ್ದ, ಸ್ಪ್ಲಿಟ್ ಎಸಿ ಅಂದ್ರೆ ಒಂದೇ ಮೆಷಿನ್ನು ಎರಡು ತುಂಡಾಗಿರೋದು ಸರ್, ಒಂದು ಒಳಗೆ ಗೋಡೆ ಮೇಲೆ, ಒಂದು ಹೊರಗೆ, ನಡುವೆ ಪೈಪು, ವಿಂಡೋ ಎಸಿಲಿ ಎರಡೂ ಒಂದೇ ಡಬ್ಬದಲ್ಲಿ ಅಂತ. ನಾನು ಇಷ್ಟು ವರ್ಷ ಆ ಹೆಸರು ಹೇಳ್ತಿದ್ದೆ, ಅದರ ಅರ್ಥ ಯೋಚನೆನೇ ಮಾಡಿರಲಿಲ್ಲ. ಆಮೇಲೆ ಅಂಗಡಿ ಅಕ್ಕ ಒಂದು ಮಾತು ಹೇಳಿದ್ರು, ಬೇಳೆ ಪ್ಯಾಕೆಟ್ ಮೇಲೆ ಇಂಗ್ಲಿಷಲ್ಲಿ ಸ್ಪ್ಲಿಟ್ ಅಂತ ಇರುತ್ತಲ್ಲ, ಅದನ್ನ ಒಡೆದುಹೋಗಿರೋ ಮಾಲು ಅಂತ ಅಂದ್ಕೊಂಡು ಒಬ್ಬ ಗಿರಾಕಿ ವಾಪಸ್ ಕೊಟ್ಟಿದ್ರು ಅಂತ. ಮೇಷ್ಟ್ರು ಅದನ್ನ ಹಿಡ್ಕೊಂಡು ಹತ್ತು ನಿಮಿಷ ಮಾತಾಡಿದ್ರು. ನಮಗೆ ಕಾಳು ಬೇರೆ, ಬೇಳೆ ಬೇರೆ, ಇಡೀದಾಗಿದ್ರೆ ಕಾಳು, ಎರಡು ಹೋಳಾದ್ರೆ ಬೇಳೆ, ಎರಡಕ್ಕೂ ಸ್ವಂತ ಹೆಸರಿದೆ. ಇಂಗ್ಲಿಷಿಗೆ ಅದು ಇಲ್ಲ, ಅದಕ್ಕೇ ತೊಗರಿಬೇಳೆಗೆ ‘ಸ್ಪ್ಲಿಟ್ ಪೀಜನ್ ಪೀಸ್’ ಅಂತ ಉದ್ದಕ್ಕೆ ಹೇಳಬೇಕು. ಅಕ್ಕನ ಮುಖ ನೋಡ್ಬೇಕಿತ್ತು, ಅಷ್ಟು ಖುಷಿ. ಅವರು ಕ್ಲಾಸಲ್ಲಿ ಬಾಯಿ ಬಿಟ್ಟಿದ್ದೇ ಆವತ್ತು ಮೊದಲು.

ಈಗ ನನ್ನ ‘ಇಂಟು’ ವಿಷಯಕ್ಕೆ ಬರ್ತೀನಿ, ಇದು ಟೀಚರ್‌ಗಳೆಲ್ಲ ಓದಲೇಬೇಕು. ಡಿವೈಡ್ ಪದ ಏನು ಹೇಳುತ್ತೆ ಅನ್ನೋದು ಅದರ ಪಕ್ಕ ಕೂರೋ ಸಣ್ಣ ಪದದ ಮೇಲೆ ನಿಂತಿದೆ. ‘ಡಿವೈಡ್ ಟ್ವೆಲ್ವ್ ಬೈ ತ್ರೀ’ ಅಂದ್ರೆ ಹನ್ನೆರಡನ್ನ ಮೂರರಿಂದ ಭಾಗಿಸು. ‘ಡಿವೈಡ್ ಟ್ವೆಲ್ವ್ ಇಂಟು ತ್ರೀ ಪಾರ್ಟ್ಸ್’ ಅಂದ್ರೆ ಹನ್ನೆರಡನ್ನ ಮೂರು ಭಾಗವಾಗಿ ಮಾಡು. ಆದ್ರೆ ‘ಡಿವೈಡ್ ತ್ರೀ ಇಂಟು ಟ್ವೆಲ್ವ್’ ಅಂದ್ರೆ ಹನ್ನೆರಡರೊಳಗೆ ಮೂರು ಎಷ್ಟು ಸಲ ಹೋಗುತ್ತೆ ಅಂತ. ಇಂಗ್ಲೆಂಡಲ್ಲಿ ಮಕ್ಕಳು ‘ತ್ರೀ ಇಂಟು ಟ್ವೆಲ್ವ್ ಗೋಸ್ ಫೋರ್’ ಅಂತಲೇ ಹೇಳ್ತಾ ಭಾಗಾಕಾರ ಮಾಡ್ತಾರಂತೆ. ಮೂರರಲ್ಲೂ ಉತ್ತರ ನಾಲ್ಕು! ಅಂದ್ರೆ ಅಲ್ಲಿ ಬರೀ ‘ತ್ರೀ ಇಂಟು ಟ್ವೆಲ್ವ್’ ಅಂದ್ರೆ ಭಾಗಾಕಾರ, ನಮ್ಮ ದೇಶದಲ್ಲಿ ಅದೇ ಮೂರು ಪದ ಗುಣಾಕಾರ, ಅವರು ಗುಣಾಕಾರಕ್ಕೆ ಟೈಮ್ಸ್ ಅಂತಾರೆ. ನನ್ನ ಇಬ್ಬರು ಮಕ್ಕಳೂ ತಪ್ಪೇ ಬರೆದಿದ್ರು, ಆದ್ರೆ ಮೂವತ್ತಾರು ಬರೆದ ಹುಡುಗಿ ನಾವು ಕಲಿಸಿದ ಪ್ರಕಾರ ಸರಿಯಾಗೇ ಯೋಚನೆ ಮಾಡಿದ್ಲು. ಅವಳಿಗೆ ಮಾರನೇ ದಿನ ಇದನ್ನ ಕೂರಿಸ್ಕೊಂಡು ಹೇಳಿದೆ.

ಇನ್ನು ‘ಬೈ’. ಇದು ಇನ್ನೂ ದೊಡ್ಡ ಕಥೆ. ಮೇಷ್ಟ್ರು ಕೇಳಿದ್ರು, “ಬೈ ಅಂದ್ರೆ ಭಾಗಾಕಾರ ತಾನೆ? ಹೋಟೆಲಲ್ಲಿ ಬೈ ಟು ಕಾಫಿ ಅಂದ್ರೆ?” ಒಂದು ಕಾಫಿ ಎರಡು ಲೋಟಕ್ಕೆ. “ಹಾಗಾದ್ರೆ ತರ್ಟಿ ಬೈ ಫಾರ್ಟಿ ಸೈಟು?” ಎಲ್ಲರೂ ಸುಮ್ಮನಾದ್ವಿ. ಮೂವತ್ತನ್ನ ನಲವತ್ತರಿಂದ ಭಾಗಿಸಿದ್ರೆ ಮುಕ್ಕಾಲು ಬರುತ್ತೆ, ಆದ್ರೆ ಸೈಟು 1,200 ಚದರಡಿ, ಅಲ್ಲಿ ಗುಣಿಸಬೇಕು. ಆಗ ಗೌಡ್ರು ಹೇಳಿದ್ರು, “ನಮ್ಮ ಸರ್ವೆ ನಂಬರ್ ನಲವತ್ತೈದು ಬೈ ಎರಡು ಸಾರ್, ಅದನ್ನ ಗುಣಿಸೋದೂ ಇಲ್ಲ ಭಾಗಿಸೋದೂ ಇಲ್ಲ.” ನಿಜ ಅಲ್ವಾ, ಪಹಣೀಲಿ 45/2 ಅಂತ ಇದ್ರೆ ಅದು ನಲವತ್ತೈದನೇ ಸರ್ವೆ ನಂಬರಿನ ಎರಡನೇ ಹಿಸ್ಸಾ ಅಂತ ಅಷ್ಟೇ. ಒಂದೇ ಬೈ, ಕಾಫಿಲಿ ಭಾಗಾಕಾರ, ಸೈಟಲ್ಲಿ ಗುಣಾಕಾರ, ಪಹಣೀಲಿ ಬರೀ ಗುರುತು. ನಾವು ದಿನಾ ಮೂರನ್ನೂ ಬಳಸ್ತೀವಿ, ಒಂದಿನವೂ ಗಲಿಬಿಲಿ ಆಗಲ್ಲ.

ಇಲ್ಲಿ ಮೇಷ್ಟ್ರ ಒಂದು ಮಾತು ನಾನು ಒಪ್ಪಲಿಲ್ಲ, ಅದನ್ನೂ ಬರೀತೀನಿ. ‘ಬೈ ಟು’ ಅನ್ನೋದು ತಪ್ಪು ಇಂಗ್ಲಿಷು, ಭಿನ್ನರಾಶಿ ಓದುವಾಗಲೂ ‘ಟು ಬೈ ತ್ರೀ’ ಅನ್ನಬೇಡಿ, ‘ಟು ಥರ್ಡ್ಸ್’ ಇಲ್ಲ ‘ಟು ಓವರ್ ತ್ರೀ’ ಅನ್ನಿ ಅಂದ್ರು. ಹೊರದೇಶಕ್ಕೆ ಹೋಗೋ ನರ್ಸಿಂಗ್ ಹುಡುಗೀರಿಗೆ ಇದು ಬೇಕೇ ಬೇಕು, ಔಷಧಿ ಅಳತೆ ವಿಷಯದಲ್ಲಿ ಎದುರಿನೋರಿಗೆ ಅರ್ಥ ಆಗೋ ಹಾಗೆ ಹೇಳಬೇಕು, ಅದು ಸರಿ. ಆದ್ರೆ ಬೈ ಟು ಕಾಫಿ ತಪ್ಪಲ್ಲ. ಇಬ್ಬರು ಒಟ್ಟಿಗೆ ನಿಂತು ಒಂದು ಕಾಫಿ ಹಂಚ್ಕೊಂಡು ಅರ್ಧ ಗಂಟೆ ಮಾತಾಡೋ ಒಂದು ಇಡೀ ಪದ್ಧತಿಗೆ ನಮ್ಮ ಜನ ಕೊಟ್ಟಿರೋ ಹೆಸರು ಅದು, ಎಲ್ಲಿಂದ ಬಂದ್ರೂ ಈಗ ಅದು ಕನ್ನಡ. ನಾನು ಇದನ್ನ ಕ್ಲಾಸಲ್ಲೇ ಹೇಳಿದೆ, ಅವರು ಬೇಜಾರು ಮಾಡ್ಕೊಳ್ಳಲಿಲ್ಲ, “ನೀವು ಹೇಳೋದ್ರಲ್ಲೂ ನ್ಯಾಯ ಇದೆ ಮೇಡಂ, ಹೋಟೆಲಿಗೆ ಅದು, ಪರೀಕ್ಷೆಗೆ ಇದು” ಅಂದ್ರು. ವಿದ್ಯಾರ್ಥಿ ಎದುರು ಮಾತಾಡಿದ್ರೆ ತಾಳ್ಕೊಳ್ಳೋ ಮೇಷ್ಟ್ರು ಸಿಗೋದು ಕಷ್ಟ, ಇದಕ್ಕೆ ಪೂರ್ತಿ ಮಾರ್ಕ್ಸ್ ಕೊಡ್ತೀನಿ.

ಆವತ್ತು ಮನೆಗೆ ಹೋಗೋ ಮುಂಚೆ ಒಂದು ಲೆಕ್ಕ ಕೊಟ್ರು. ಮೂವತ್ತನ್ನ ‘ಡಿವೈಡ್ ಬೈ ಹಾಫ್’ ಮಾಡಿ ಹತ್ತು ಕೂಡಿ. ಹದಿನೆಂಟು ಜನರಲ್ಲಿ ಹದಿನಾರು ಜನ 25 ಅಂದ್ರು. ಉತ್ತರ 70. ‘ಡಿವೈಡ್ ಇನ್ ಹಾಫ್’ ಅಂದ್ರೆ ಎರಡು ಸಮಭಾಗ, ಹದಿನೈದು ಬರುತ್ತೆ. ‘ಡಿವೈಡ್ ಬೈ ಹಾಫ್’ ಅಂದ್ರೆ ಅರ್ಧದಿಂದ ಭಾಗಿಸು, ಅಂದ್ರೆ ಮೂವತ್ತರಲ್ಲಿ ಎಷ್ಟು ಅರ್ಧ ಇದೆ, ಅರವತ್ತು. ಇನ್ ಮತ್ತೆ ಬೈ, ಎರಡೆರಡು ಅಕ್ಷರದ ಪದಗಳು, ಉತ್ತರ ನಾಲ್ಕು ಪಟ್ಟು ವ್ಯತ್ಯಾಸ. ಭಾಗಿಸಿದ್ರೆ ಸಂಖ್ಯೆ ಹೇಗೆ ದೊಡ್ಡದಾಗುತ್ತೆ ಅಂತ ಎಫ್‌ಡಿಎ ಹುಡುಗ್ರು ಜಗಳಕ್ಕೇ ನಿಂತ್ರು. ಅಲ್ಲಿ ನಾನು ಎದ್ದು ಬೋರ್ಡಲ್ಲಿ ಮಾಡಿ ತೋರಿಸಿದೆ, ಭಿನ್ನರಾಶಿಯಿಂದ ಭಾಗಿಸುವಾಗ ಭಾಜಕದ ಛೇದವನ್ನ ಅಂಶ ಮಾಡಿ ಗುಣಿಸಬೇಕು ಅಂತ. ಈ ನಿಯಮ ಹೊರಗಿಂದ ಬಂದಿದ್ದಲ್ಲ, ಒಂಬತ್ತನೇ ಶತಮಾನದಲ್ಲಿ ನಮ್ಮ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯ ಇದನ್ನ ಸಂಸ್ಕೃತದಲ್ಲಿ ಸ್ಪಷ್ಟವಾಗಿ ಬರೆದಿಟ್ಟಿದಾರೆ. ಶಾಲೇಲಿ ‘ತಿರುಗಿಸಿ ಗುಣಿಸು’ ಅಂತ ಬಾಯಿಪಾಠ ಮಾಡಿಸ್ತೀವಲ್ಲ, ಅದೇ. ಛೇದ ಅಂದ್ರೂ ಕತ್ತರಿಸೋದೇ ಅಂತ ಮೇಷ್ಟ್ರು ಸೇರಿಸಿದ್ರು.

ಎರಡನೇ ಭಾನುವಾರ ಇನ್ನೂ ಚೆನ್ನಾಗಿತ್ತು. ಬಿಟ್ವೀನ್, ಅಮಂಗ್ ತಗೊಂಡ್ರು. ಇಬ್ಬರಾದ್ರೆ ಬಿಟ್ವೀನ್, ಮೂರು ಜನ ಇಲ್ಲ ಅದಕ್ಕಿಂತ ಮೇಲಾದ್ರೆ ಅಮಂಗ್, ಅಂತ ನಾವೆಲ್ಲ ಹೈಸ್ಕೂಲಲ್ಲಿ ಕಲಿತಿದ್ದು. ಅದು ಪೂರ್ತಿ ನಿಜ ಅಲ್ಲವಂತೆ. ಮೂರು ಜನ ಮಕ್ಕಳಿಗೆ, ಇವನಿಗಿಷ್ಟು ಇವಳಿಗಿಷ್ಟು ಅಂತ ಒಬ್ಬೊಬ್ಬರಿಗೆ ಬೇರೆಬೇರೆಯಾಗಿ ಪಾಲು ಹೋಗ್ತಿದ್ರೆ ಅಲ್ಲೂ ಬಿಟ್ವೀನ್ ನಡೆಯುತ್ತೆ, ಗುಂಪಿಗೆ ಗುಂಪಾಗಿ ನೋಡಿದ್ರೆ ಅಮಂಗ್. ಪರೀಕ್ಷೇಲಿ ಮಾತ್ರ ಹಳೇ ನಿಯಮನೇ ಬರೀರಿ, ಮಾರ್ಕ್ಸ್ ಹೋಗುತ್ತೆ ಅಂತ ಹುಡುಗ್ರಿಗೆ ಎಚ್ಚರಿಕೆ ಕೊಟ್ರು. ಫ್ರಮ್ ಬಂದ್ರೆ ಬೇರೆ ಅರ್ಥ, ಬೇಲಿ ನಮ್ಮ ಜಮೀನನ್ನ ಅವರ ಜಮೀನಿಂದ ಬೇರೆ ಮಾಡುತ್ತೆ, ಅಲ್ಲಿ ‘ಡಿವೈಡ್ಸ್ ಫ್ರಮ್’.

ಆಮೇಲೆ ಅವರು ಕನ್ನಡದ ಕಡೆ ತಿರುಗಿದ್ರು ನೋಡಿ, ಅದು ನನಗೆ ತುಂಬ ಹಿಡಿಸಿದ ಭಾಗ. ಬೈ ಇರೋ ಕಡೆ ನಮಗೆ ‘ಇಂದ’, ಮೂರರಿಂದ. ಇಂಟು ಇರೋ ಕಡೆ ‘ಆಗಿ’, ಮೂರು ಭಾಗವಾಗಿ. ಬಿಟ್ವೀನ್ ಅಮಂಗ್ ಇರೋ ಕಡೆ ‘ಗೆ’, ಮಕ್ಕಳಿಗೆ, ಇಲ್ಲ ‘ಅಲ್ಲಿ’, ತಮ್ಮತಮ್ಮಲ್ಲಿ. ಫ್ರಮ್ ಇರೋ ಕಡೆ ಮತ್ತೆ ‘ಇಂದ’. ಅಂದ್ರೆ ಇಂಗ್ಲಿಷ್ ಪದದ ಪಕ್ಕ ಬಂದು ಕೂರೋದು ನಮ್ಮಲ್ಲಿ ಪದದ ಬಾಲದಲ್ಲೇ ಅಂಟಿದೆ. ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ ಅಂತ ಪ್ರೈಮರೀಲಿ ಹಾಡಿದ್ದೀವಲ್ಲ, ಅದನ್ನ ಇಡೀ ಕ್ಲಾಸು ಒಟ್ಟಿಗೆ ಹೇಳ್ತು, ಗೌಡ್ರು ಎಲ್ಲರಿಗಿಂತ ಜೋರಾಗಿ. ಅದಕ್ಕೆ ವಿಭಕ್ತಿ ಅಂತಾರೆ, ವಿಭಕ್ತಿ ಅನ್ನೋ ಪದದ ಅರ್ಥನೇ ವಿಭಾಗ, ಭಾಗ, ವಿಭಜನೆ, ಭಾಗ್ಯ ಎಲ್ಲ ಒಂದೇ ಬೇರು. ನಾನು ಮಾರನೇ ದಿನವೇ ಟ್ಯೂಷನ್ನಲ್ಲಿ ಇಂದ, ಆಗಿ, ಗೆ ಅಂತ ಮೂರು ಕಾಲಮ್ ಮಾಡಿ ಕೆಳಗೆ ಬೈ, ಇಂಟು, ಬಿಟ್ವೀನ್ ಬರೆದೆ. ಇಷ್ಟು ದಿನ ಇಂಗ್ಲಿಷ್ ಲೆಕ್ಕಕ್ಕೆ ಹೆದರ್ತಿದ್ದ ಹುಡುಗ ಒಬ್ಬ ಐದೂ ಲೆಕ್ಕ ಸರಿ ಮಾಡ್ದ.

ಆಸ್ತಿ ಮಾತು ಬಂದಾಗ ಕ್ಲಾಸು ಸ್ವಲ್ಪ ಗಂಭೀರ ಆಯ್ತು. ಗೌಡ್ರು ಕ್ಲಾಸಿಗೆ ಸೇರಿದ್ದೇ ವಕೀಲರು ಇಂಗ್ಲಿಷಲ್ಲಿ ಕೊಡೋ ಕಾಗದ ಓದೋಕೆ. ಅವರ ಮನೆ ಭಾಗ ಆಗಿ ವರ್ಷಗಳಾಗಿವೆ, ಅಣ್ಣತಮ್ಮಂದಿರು ಬೇರೆ ಬೇರೆ ಉಳುಮೆ ಮಾಡ್ತಾರೆ, ಆದ್ರೆ ಪೋಡಿ ಆಗಿಲ್ಲ, ಅಂದ್ರೆ ಅಳತೆ ಮಾಡಿ ಒಬ್ಬೊಬ್ಬರ ಹಿಸ್ಸಾಗೆ ಬೇರೆ ನಕ್ಷೆ ಆಗಿಲ್ಲ. ಕಾಗದದಲ್ಲಿ ‘ಅನ್‌ಡಿವೈಡೆಡ್’ ಅಂತ ಇತ್ತಂತೆ, ಅದನ್ನ ಓದಿ ಅವರು ಮನೆಯೋರೆಲ್ಲ ಒಗ್ಗಟ್ಟಾಗಿದಾರೆ ಅಂತ ಒಳ್ಳೆ ಮಾತು ಬರೆದಿದಾರೆ ಅಂದ್ಕೊಂಡಿದ್ರು. ಮೇಷ್ಟ್ರು ನಿಧಾನಕ್ಕೆ ಬಿಡಿಸಿ ಹೇಳಿದ್ರು, ಅನ್‌ಡಿವೈಡೆಡ್ ಷೇರ್ ಅಂದ್ರೆ ಅವಿಭಜಿತ ಪಾಲು, ನಿಮಗೆ ಪಾಲಿದೆ ಆದ್ರೆ ಇದೇ ತುಂಡು ನಿಮ್ಮದು ಅಂತ ಗೆರೆ ಎಳೆದಿಲ್ಲ ಅಂತ. ಬೆಂಗಳೂರಲ್ಲಿ ಫ್ಲಾಟ್ ತಗೊಳ್ಳೋರ ಸೇಲ್ ಡೀಡಲ್ಲೂ ಇದೇ ಪದ ಬರುತ್ತೆ, ಅಪಾರ್ಟ್‌ಮೆಂಟ್ ನಿಂತಿರೋ ನೆಲದಲ್ಲಿ ಅವರವರ ಅವಿಭಜಿತ ಪಾಲು. ಇನ್‌ಕಮ್ ಟ್ಯಾಕ್ಸಲ್ಲಿ ‘ಹಿಂದೂ ಅನ್‌ಡಿವೈಡೆಡ್ ಫ್ಯಾಮಿಲಿ’ ಅಂತಾರಲ್ಲ, ಅದು ನಮ್ಮ ಅವಿಭಕ್ತ ಕುಟುಂಬ. ಅಷ್ಟರಲ್ಲಿ ನರ್ಸಿಂಗ್ ಹುಡುಗಿ ಒಬ್ಬಳು ಕೇಳಿದ್ಲು, ಸರ್ ಹೆಣ್ಣುಮಕ್ಕಳಿಗೆ ಇದರಲ್ಲಿ ಪಾಲಿದ್ಯಾ ಅಂತ. ಇದೆ. ಕರ್ನಾಟಕದಲ್ಲಿ 1994ರಲ್ಲೇ ತಿದ್ದುಪಡಿ ಬಂತು, ಆಗಿನ್ನೂ ಮದುವೆ ಆಗದಿದ್ದ ಹೆಣ್ಣುಮಕ್ಕಳಿಗೆ, ಇಡೀ ದೇಶಕ್ಕೆ 2005ರಲ್ಲಿ ಬಂತು, ಮದುವೆ ಆದೋರು ಆಗದೋರು ಅನ್ನೋ ಭೇದ ತೆಗೆದು ಹುಟ್ಟಿನಿಂದಲೇ ಗಂಡುಮಕ್ಕಳ ಸಮಕ್ಕೆ. ಕ್ಲಾಸಲ್ಲಿದ್ದ ಹೆಣ್ಣುಮಕ್ಕಳಲ್ಲಿ ಎಷ್ಟೋ ಜನಕ್ಕೆ ಇದು ಗೊತ್ತೇ ಇರಲಿಲ್ಲ. ಇಂಗ್ಲಿಷ್ ಕ್ಲಾಸಲ್ಲಿ ಇದು ಗೊತ್ತಾಗಿದ್ದು ಒಳ್ಳೇದೇ ಆಯ್ತು.

ಈಗ ನನಗೆ ಬೇಜಾರಾದ ಒಂದು ವಿಷಯ. ಪದದ ಬೇರು ಹೇಳ್ತಾ ಮೇಷ್ಟ್ರು, ಡಿವೈಡ್ ಲ್ಯಾಟಿನ್ನಿಂದ ಬಂದಿದ್ದು, ಬೇರೆ ಮಾಡು ಅನ್ನೋ ಅದೇ ಹಳೇ ಬೇರಿಂದ ಇಂಗ್ಲಿಷಿನ ವಿಡೋ, ಸಂಸ್ಕೃತದ ವಿಧವಾ ಕೂಡ ಬಂದಿದೆ ಅಂದ್ರು. ಭಾಷಾಶಾಸ್ತ್ರದೋರು ಹೇಳೋದೇ ಅದು. ಆದ್ರೆ ನನ್ನ ಪಕ್ಕ ಕೂತಿದ್ದ ಅಂಗಡಿ ಅಕ್ಕ ಗಂಡನ್ನ ಕಳ್ಕೊಂಡು ಎರಡು ವರ್ಷ ಆಗಿದೆ, ಅಂಗಡಿ ಒಬ್ಬರೇ ನೋಡ್ಕೋಬೇಕು ಅಂತ ಕ್ಲಾಸಿಗೆ ಬಂದೋರು. ಅವರು ತಲೆ ತಗ್ಗಿಸಿ ನೋಟ್‌ಬುಕ್ಕಲ್ಲಿ ಏನೋ ಗೀಚ್ತಾ ಕೂತ್ರು. ಮೇಷ್ಟ್ರು ಅದನ್ನ ಗಮನಿಸದೆ ಬೋರ್ಡ್ ಮೇಲೆ ದೊಡ್ಡದಾಗಿ ಬರೆದು ಅಡಿಗೆರೆ ಎಳೆದ್ರು. ದೊಡ್ಡೋರಿಗೆ ಪಾಠ ಮಾಡುವಾಗ ಎದುರಿಗೆ ಕೂತಿರೋರ ಬದುಕು ಗೊತ್ತಿರಬೇಕು, ಸೇರಿಸ್ಕೊಳ್ಳೋವಾಗ ಫಾರಂ ತುಂಬಿಸ್ತಾರಲ್ಲ, ಅದನ್ನ ಒಂದು ಸಲ ಓದಿದ್ರೆ ಸಾಕಿತ್ತು. ನಾನು ಕ್ಲಾಸ್ ಮುಗಿದ ಮೇಲೆ ಅವರಿಗೆ ಹೇಳಿದೆ, ಅವರು ನಿಜವಾಗ್ಲೂ ನೊಂದ್ಕೊಂಡ್ರು, ಮುಂದಿನ ವಾರ ಅಕ್ಕನ ಹತ್ರ ಹೋಗಿ ಮಾತಾಡಿದ್ರು. ಅಕ್ಕ ಕ್ಲಾಸ್ ಬಿಡಲಿಲ್ಲ. ಅದೇ ಬೇರಿನ ಇನ್ನೊಂದು ಪದ ‘ಇಂಡಿವಿಜುವಲ್’, ಇನ್ನು ಮುಂದೆ ಒಡೆಯೋಕಾಗದ್ದು ಅಂತ, ಅದನ್ನ ಮೊದಲು ಹೇಳಿದ್ದಿದ್ರೆ ಚೆನ್ನಾಗಿರ್ತಿತ್ತು.

ಕೊನೆ ಮುಕ್ಕಾಲು ಗಂಟೆ ಡಿವೈಡ್‌ನ ಸಂಬಂಧಿಕರು. ಡಿವಿಷನ್: ರೈಲ್ವೆ ಡಿವಿಷನ್, ನಮ್ಮ ನೈಋತ್ಯ ರೈಲ್ವೇಲಿ ಹುಬ್ಬಳ್ಳಿ, ಬೆಂಗಳೂರು, ಮೈಸೂರು ಮೂರು. ಕಂದಾಯ ವಿಭಾಗ ನಾಲ್ಕು, ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ. ಎಫ್‌ಡಿಎ, ಎಸ್‌ಡಿಎ ಅನ್ನೋದ್ರಲ್ಲಿರೋ ‘ಡಿ’ ಕೂಡ ಡಿವಿಷನ್ನೇ, ಪ್ರಥಮ ದರ್ಜೆ, ದ್ವಿತೀಯ ದರ್ಜೆ ಸಹಾಯಕ ಅಂತ ನಾವು ಕನ್ನಡದಲ್ಲಿ ದರ್ಜೆ ಅಂತೀವಿ. ಲೋಕಸಭೆಯಲ್ಲಿ ಡಿವಿಷನ್ ಕೇಳೋದು ಅಂದ್ರೆ ಧ್ವನಿಮತ ಒಪ್ಪದೆ ಮತ ಎಣಿಸಿ ಅಂತ ಕೇಳೋದು, ಟಿವಿ ನ್ಯೂಸಲ್ಲಿ ಕೇಳಿದ್ದೆ, ಅರ್ಥ ಆಗಿರಲಿಲ್ಲ. ಡಿವಿಡೆಂಡ್ ಅಂದ್ರೆ ಗಣಿತದಲ್ಲಿ ಭಾಜ್ಯ, ಸೊಸೈಟೀಲಿ ಲಾಭಾಂಶ, ಎರಡೂ ‘ಹಂಚಬೇಕಾದದ್ದು’ ಅಂತಲೇ. ನಾನು ಇಪ್ಪತ್ತು ವರ್ಷದಿಂದ ಭಾಜ್ಯ, ಭಾಜಕ, ಭಾಗಲಬ್ಧ, ಶೇಷ ಅಂತ ಬರೆಸ್ತಿದೀನಿ, ಈ ಎರಡು ಡಿವಿಡೆಂಡ್ ಒಂದೇ ಅಂತ ಹೊಳೆದಿರಲಿಲ್ಲ. ಡಿವೈಡರ್ ಅಂದ್ರೆ ನಮಗೆ ರಸ್ತೆ ಮಧ್ಯದ ಕಟ್ಟೆ, ಮಕ್ಕಳಿಗೆ ಜಾಮಿಟ್ರಿ ಬಾಕ್ಸಿನ ಎರಡು ಮುಳ್ಳಿನ ಸಾಮಾನು. ಬ್ರಿಟಿಷರು ರಸ್ತೇದಕ್ಕೆ ‘ಸೆಂಟ್ರಲ್ ರಿಸರ್ವೇಶನ್’ ಅಂತಾರೆ, ಅಮೆರಿಕದೋರು ‘ಮೀಡಿಯನ್’. ‘ಡಿವೈಡ್ ಅಂಡ್ ರೂಲ್’ ನಮಗೆ ಒಡೆದು ಆಳೋದು, ಅಲ್ಲಿ ಭಾಗಿಸು ಅನ್ನೋಕೇ ಆಗಲ್ಲ, ಒಡೆ ಅನ್ನೋದ್ರಲ್ಲಿರೋ ನೋವು ಭಾಗಿಸುನಲ್ಲಿ ಇಲ್ಲ.

ಡಿವೈಡ್ ನಾಮಪದವಾಗೂ ಬರುತ್ತೆ, ಕೈಲಿ ಸ್ಮಾರ್ಟ್‌ಫೋನ್ ಇದ್ದೋರು ಇಲ್ಲದೋರ ನಡುವಿನ ಕಂದಕಕ್ಕೆ ‘ಡಿಜಿಟಲ್ ಡಿವೈಡ್’, ಮಳೆ ನೀರು ಎರಡು ಕಡೆಗೆ ಬೇರೆಯಾಗಿ ಹರಿಯೋ ಬೆಟ್ಟದ ಏಣಿಗೂ ಡಿವೈಡ್ ಅಂತಾರೆ. ಸಕಲೇಶಪುರದ ಕಡೆಯಿಂದ ಬಿಸಿಲೆ ಘಾಟಿಗೆ ಹೋಗೋ ದಾರೀಲಿ ಒಂದು ಕಲ್ಲಿದೆ, ಒಂದು ಬದಿಗೆ ಬಿದ್ದ ಮಳೆ ಹೇಮಾವತಿ, ಕಾವೇರಿ ಸೇರಿ ಬಂಗಾಳಕೊಲ್ಲಿಗೆ, ಇನ್ನೊಂದು ಬದಿಗೆ ಬಿದ್ದದ್ದು ಕುಮಾರಧಾರಾ, ನೇತ್ರಾವತಿ ಸೇರಿ ಅರಬ್ಬಿ ಸಮುದ್ರಕ್ಕೆ. ಕುಕ್ಕೆಗೆ ಹೋಗುವಾಗ ನಾವು ಅಲ್ಲಿ ಇಳಿದು ಫೋಟೋ ತೆಗೆಸ್ಕೊಂಡಿದ್ವಿ. ನಮ್ಮ ತುಮಕೂರಿಗೆ ಕುಡಿಯೋಕೆ ಬರೋದು ಅದೇ ಹೇಮಾವತಿ ನೀರು, ಹಾಗಾಗಿ ಈ ಉದಾಹರಣೆ ಕೊಟ್ಟಾಗ ಕ್ಲಾಸಲ್ಲಿ ಎಲ್ಲರಿಗೂ ತಕ್ಷಣ ಹಿಡೀತು.

ಉಚ್ಚಾರಣೆ ಮಾತ್ರ ಅವಸರದಲ್ಲಿ ಮುಗಿಸಿದ್ರು. ಡಿವೈಡಲ್ಲಿ ‘ವೈ’ ಇದ್ದದ್ದು ಡಿವಿಷನ್ನಿಗೆ ಬಂದಾಗ ‘ವಿ’ ಆಗುತ್ತೆ, ಆ ‘ಷ’ ನಾವು ಬರೆಯೋ ಷ ಅಲ್ಲ, ಟೆಲಿವಿಷನ್ನಲ್ಲಿ ಬರೋ ಗುಂಯ್‌ಗುಡೋ ಶಬ್ದ, ಅದಕ್ಕೆ ಕನ್ನಡದಲ್ಲಿ ಅಕ್ಷರವೇ ಇಲ್ಲ. ಒಂದು ಸಲ ಹೇಳಿ ಬಿಟ್ರು. ಹದಿನೆಂಟು ಜನಾನೂ ಒಬ್ಬೊಬ್ಬರಾಗಿ ಹೇಳಿಸ್ಬೇಕಿತ್ತು, ಮಾತಾಡೋ ಇಂಗ್ಲಿಷ್ ಅಂತ ಬೋರ್ಡ್ ಹಾಕಿದ ಮೇಲೆ ಬಾಯಿಗೆ ಕೆಲಸ ಜಾಸ್ತಿ ಇರಬೇಕು. ಎಂಟು ವಾರದಲ್ಲಿ ನಾನು ಎದ್ದು ನಿಂತು ಇಂಗ್ಲಿಷಲ್ಲಿ ಮಾತಾಡಿದ್ದು ಒಟ್ಟು ಹದಿನೈದು ನಿಮಿಷ ಇರಬಹುದು. ಇಂಟರ್‌ವ್ಯೂಗೆ ರೆಡಿ ಆಗಬೇಕು ಅನ್ನೋರು ಇದೊಂದನ್ನೇ ನಂಬ್ಕೊಂಡು ಹೋಗಬೇಡಿ.

ಬೇರೆ ತೊಂದರೆಗಳು: ಹತ್ತಕ್ಕೆ ಅಂತ ಹೇಳಿ ಹತ್ತೂಇಪ್ಪತ್ತಕ್ಕೆ ಶುರು, ಗುಬ್ಬಿಯಿಂದ ಬಸ್ಸಲ್ಲಿ ಟೈಮಿಗೆ ಬರೋ ಗೌಡ್ರು ಮೆಟ್ಟಿಲ ಮೇಲೆ ಕಾಯ್ತಿದ್ರು. ರೂಮಲ್ಲಿ ಹನ್ನೆರಡು ಜನಕ್ಕೆ ಜಾಗ, ಹದಿನೆಂಟು ಜನ ಕೂರ್ತಿದ್ವಿ, ಏಪ್ರಿಲ್ ಬಿಸಿಲಿಗೆ ಒಂದೇ ಫ್ಯಾನು. ನೋಟ್ಸ್ ಜೆರಾಕ್ಸು ಮಸುಕು, ಓದೋಕಾಗಲ್ಲ. ಇದನ್ನೆಲ್ಲ ಸರಿ ಮಾಡೋಕೆ ದುಡ್ಡೇನೂ ಜಾಸ್ತಿ ಬೇಡ. ಒಬ್ಬ ಹುಡುಗಿಗೆ ಎರಡನೇ ವಾರಕ್ಕೇ ಬೇರೆ ಊರಲ್ಲಿ ಕೆಲಸ ಸಿಕ್ಕಿ ಬಿಟ್ಟುಹೋದ್ಲು, ಅವಳಿಗೆ ಫೀಸು ವಾಪಸ್ ಕೊಡಲಿಲ್ಲ, ಅರ್ಧ ಆದ್ರೂ ಕೊಡಬೇಕಿತ್ತು ಅಂತ ನನ್ನ ಅಭಿಪ್ರಾಯ.

ಯಾರಿಗೆ ಹೊಂದುತ್ತೆ ಅಂದ್ರೆ, ಟೀಚರ್‌ಗಳಿಗೆ, ಕಾಂಪಿಟೇಟಿವ್ ಪರೀಕ್ಷೆ ಬರೆಯೋರಿಗೆ, ಕಾಗದಪತ್ರ ಓದಬೇಕಾದೋರಿಗೆ ಕಣ್ಣುಮುಚ್ಚಿ ಹೇಳ್ತೀನಿ, ಸೇರಿ. ಐದಕ್ಕೆ ನಾಲ್ಕು ಸ್ಟಾರ್, ಒಂದು ಕಟ್ ಮಾಡಿದ್ದು ಮಾತಾಡಿಸಲ್ಲ ಅನ್ನೋದಕ್ಕೆ. ಮುಂದಿನ ಬ್ಯಾಚ್ ಜೂನ್‌ಗೆ ಅಂದಿದಾರೆ, ಹನ್ನೆರಡೇ ಜನ ತಗೋತೀನಿ ಅಂತಾನೂ ಹೇಳಿದಾರೆ. ಅಂಗಡಿ ಅಕ್ಕ ಆಗಲೇ ಹೆಸರು ಬರೆಸಿದಾರೆ, ಈ ಸಲ ಅವರ ಮಗಳದ್ದೂ ಸೇರಿಸಿ, ಇಬ್ಬರ ಫೀಸೂ ಎರಡು ಕಂತಲ್ಲಿ ಕಟ್ಟೋಕೆ ಮೇಷ್ಟ್ರು ಒಪ್ಕೊಂಡಿದಾರೆ.